ಏಳು ಚಕ್ರ, ಹತ್ತು ಬೆರಳು

ಹೋದ ತಿಂಗಳು ಎರಡನೇ ಶನಿವಾರ, ಮಧ್ಯಾಹ್ನ ಮೂರರ ಹೊತ್ತಿಗೆ, ಕೆ.ಆರ್. ನಗರದ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೂತಿದ್ದೆ. ನನಗೇನೂ ಮಾಡಿಸಿಕೊಳ್ಳುವುದಿರಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಮದುವೆ ಗೊತ್ತಾಗಿತ್ತು. ಉಗುರು ಉದ್ದ ಮಾಡಿಸಿಕೊಳ್ಳಬೇಕು, ಜೊತೆಗೆ ಬಾ ಅಂದಿದ್ದಳು. ಪಾರ್ಲರಿನವಳು ಪುಟ್ಟ ಗಾಜಿನ ಬಟ್ಟಲಿಗೆ ನೀರಿನಂಥ ಲಿಕ್ವಿಡ್ ಸುರಿದಳು. ಬ್ರಷ್ಷನ್ನು ಅದರಲ್ಲಿ ಅದ್ದಿ ಗುಲಾಬಿ ಬಣ್ಣದ ಪುಡಿಗೆ ತಾಗಿಸಿದಳು. ತುದಿಯಲ್ಲಿ ಒಂದು ಸಣ್ಣ ಮುದ್ದೆ ಎದ್ದಿತು. ಆಮೇಲೆ ಆ ವಾಸನೆ ಬಂತು... ಮೂಗಿನೊಳಗೆ ಹೋಗಿ ಅಲ್ಲೇ ಕೂತುಬಿಡುವ, ಸಿಹಿಯೂ ಅಲ್ಲದ ಘಾಟೂ ಅಲ್ಲದ ವಾಸನೆ. ಹುಣಸೂರಿನಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದ ಶೀಟಿನ ಕೋಣೆಯಿಂದ ಆರು ವರ್ಷ ದಿನವೂ ಬರುತ್ತಿದ್ದ ವಾಸನೆ ಅದು. ಪುಡಿಯೂ ಅದೇ, ಲಿಕ್ವಿಡ್ಡೂ ಅದೇ. ಅಲ್ಲಿ ಅದರಿಂದ ಉಗುರು ಮಾಡುತ್ತಿರಲಿಲ್ಲ, ಹಲ್ಲು ಕಟ್ಟುತ್ತಿದ್ದರು.

ಪಾರ್ಲರಿನವಳ ಕೈಗೆ ಗ್ಲೌಸ್ ಇರಲಿಲ್ಲ. ಹಾಕಿಕೊಳ್ಳಿ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಗೆಳತಿ ಬರುವವರೆಗೆ ಐವತ್ತು ನಿಮಿಷ ಆಯಿತು. ಆ ಐವತ್ತು ನಿಮಿಷದಲ್ಲಿ ನನಗೆ ನೆನಪಾದದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಶೀಟಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರನ್ನು ನಾನು ಮಾವ ಎನ್ನುತ್ತಿದ್ದೆ. ರಕ್ತ ಸಂಬಂಧವೇನೂ ಅಲ್ಲ, ಪಕ್ಕದ ಮನೆಯವರು. ಅವರ ಹೆಂಡತಿ ನನಗೆ ಅತ್ತೆ. ಬೀದಿಯವರಿಗೆ ಮಾವ 'ಹಲ್ಲು ಕಟ್ಟೋರು'. ಅವರು ಡಾಕ್ಟರಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಈ ನಾಲ್ಕು ಊರಿನ ದಂತವೈದ್ಯರು ಹಲ್ಲಿಲ್ಲದವರ ಬಾಯಿಯ ಅಳತೆ ತೆಗೆದು ಡಬ್ಬದಲ್ಲಿಟ್ಟು ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದರು. ಮಾವ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ ಕೈಯಿಂದ ಡಬ್ಬ ಇಸಿದುಕೊಂಡು ಬಂದು, ಆ ಅಳತೆಗೆ ಪ್ಲಾಸ್ಟರಿನ ಅಚ್ಚು ಹೊಯ್ದು, ಪುಡಿ ಲಿಕ್ವಿಡ್ ಕಲಸಿ, ಹಲ್ಲಿನ ಸೆಟ್ ಮಾಡಿ, ಮತ್ತೆ ಬಸ್ಸಿಗೇ ಕೊಟ್ಟು ಕಳಿಸುತ್ತಿದ್ದರು. ಯಾರ ಬಾಯಿಗೆ ಹೋಗುತ್ತದೋ ಅವರ ಮುಖವನ್ನು ಮಾವ ಒಮ್ಮೆಯೂ ನೋಡಿದವರಲ್ಲ.

ನಾನು ಆಗ ಬಿ.ಕಾಂ. ಮುಗಿಸಿ ಹುಣಸೂರಿನಲ್ಲೇ ಒಂದು ಕಾಲೇಜಿನ ಗ್ರಂಥಾಲಯಕ್ಕೆ ಸೇರಿದ್ದೆ. ಸಂಜೆ ಮನೆಗೆ ಬಂದು ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆ ಕತ್ತರಿಸಿ ಬಸ್ಸಿನ ಮಾದರಿ ಮಾಡುತ್ತಿದ್ದೆ. ಮಡಿಕೇರಿ ಕಡೆ ಹೋಗುವ ಕೆಂಪು ಬಸ್ಸು, ಒಂದು ಅಡಿಗೆ ಅರ್ಧ ಇಂಚಿನ ಅಳತೆಯಲ್ಲಿ. ಉದ್ದ ಒಂದೂವರೆ ಅಡಿ. ಬಾಡಿ, ಕಿಟಕಿ, ಏಣಿ, ಬೋರ್ಡು ಎಲ್ಲ ಬಂದಿತ್ತು. ಚಕ್ರ ಬಂದಿರಲಿಲ್ಲ. ಮುಂದೆ ಎರಡು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು, ಸ್ಟೆಪ್ನಿ ಒಂದು, ಒಟ್ಟು ಏಳು. ಏಳೂ ಒಂದೇ ಥರ ಇರಬೇಕು. ಬಾಟಲಿ ಮುಚ್ಚಳದಿಂದ ಮಾಡಿದೆ, ಸರಿಹೋಗಲಿಲ್ಲ. ಮರದಲ್ಲಿ ಕೆತ್ತಿದೆ, ಏಳಕ್ಕೆ ಏಳು ಥರ ಬಂತು. ಕಾಂಪೌಂಡಿನ ಮೇಲೆ ಒಣಗಲು ಇಟ್ಟಿದ್ದ ಬಸ್ಸನ್ನು ನೋಡಿ ಮಾವ ಆ ಕಡೆಯಿಂದ ಕೂಗಿದರು.

"ಏನಮ್ಮಿ ನಿನ್ ಬಸ್ಸು, ಹಲ್ಲು ಉದುರಿದ ಮುದ್ಕಿ ಥರ ಕೂತದೆ?"

"ಚಕ್ರ ಒಂದೇ ಥರ ಬರ್ತಿಲ್ಲ ಮಾವ."

"ಕೆತ್ತುದ್ರೆ ಎಲ್ ಬತ್ತದೆ? ಒಂದ್ ಕೆತ್ತು ಸಾಕು. ಮಿಕ್ಕಿದ್ನ ಹುಯ್ಯಬೇಕು ಕಣಮ್ಮಿ."

ಅದು ಜೂನ್ ತಿಂಗಳು, ಬುಧವಾರ. ಆ ದಿನದಿಂದ ಒಂದು ನೋಟ್‌ಬುಕ್ ಶುರು ಮಾಡಿದೆ. ನನಗೆ ಮೊದಲಿನಿಂದಲೂ ಆ ಅಭ್ಯಾಸ. ಏನು ಮಾಡಿದರೂ ದಿನ, ಸಂಖ್ಯೆ, ಫಲಿತಾಂಶ ಬರೆಯುವುದು. ಮಾವ ಅದನ್ನು ನೋಡಿ ನಕ್ಕಿದ್ದರು. "ನಾನು ಇಪ್ಪತ್ತಾರು ವರ್ಸದಿಂದ ಮಾಡ್ತಿವ್ನಿ, ಒಂದು ಗೆರೆ ಬರ್ದಿಲ್ಲ" ಅಂದಿದ್ದರು.

ಒಂದು ಚಕ್ರವನ್ನು ಒಂಬತ್ತು ಸಂಜೆ ಕೂತು ಚೆನ್ನಾಗಿ ಕೆತ್ತಿದೆ. ಒಂದೂವರೆ ಇಂಚು ಅಗಲ, ನಡುವೆ ಎಂಟು ಬೋಲ್ಟು. ಎರಡು ಬಾಟಲಿಯ ರೆಸಿನ್ ತರಿಸಿದೆ. ಎರಡನ್ನೂ ಸಮಸಮ ಸೇರಿಸಿ ಕಲಕಿದರೆ ಎರಡು ನಿಮಿಷದಲ್ಲಿ ಬಿಸಿಯಾಗಿ, ಬೆಳ್ಳಗಾಗಿ, ಗಟ್ಟಿಯಾಗುವ ಪದಾರ್ಥ. ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಮ್ಮದಕ್ಕೆ ಇದು ಅಣ್ಣ ತಮ್ಮ ಅಂದರು. ಅವರ ಪದ್ಧತಿಯಂತೆಯೇ ಚಕ್ರಕ್ಕೆ ಪ್ಲಾಸ್ಟರಿನ ಅಚ್ಚು ತೆಗೆದರು. ಅಚ್ಚನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಇಟ್ಟರು.

"ಯಾಕೆ ಮಾವ?"

"ಮದ್ಲು ಅಚ್ಚು ನೀರು ಕುಡೀಬೇಕು. ಇಲ್ದಿದ್ರೆ ನಾವು ಹುಯ್ದಿದ್ದನ್ನೇ ಕುಡ್ದುಬುಡ್ತದೆ."

ನೀರು ಕುಡಿದ ಅಚ್ಚಿಗೆ ರೆಸಿನ್ ಸುರಿದೆವು. ಒಂದು ನಿಮಿಷ ಸುಮ್ಮನಿತ್ತು. ಆಮೇಲೆ ಉಕ್ಕತೊಡಗಿತು. ಅಚ್ಚಿನ ಬಾಯಿಂದ ಎದ್ದು, ಬೆಂಚಿನ ಮೇಲೆ ಚೆಲ್ಲಿ, ಬೇಸಿಗೆಯಲ್ಲಿ ಹುಳಿ ಬಂದ ಇಡ್ಲಿ ಹಿಟ್ಟಿನ ಹಾಗೆ ಊದಿ ನಿಂತಿತು. ಮುರಿದು ನೋಡಿದರೆ ಒಳಗೆಲ್ಲ ತೂತು, ಸ್ಪಂಜು. ಪ್ಲಾಸ್ಟರ್ ಕಮ್ಮಿ ನೆನೆದಿರಬೇಕು ಎಂದು ಮಾವ ಮಾರನೆಯ ದಿನ ಇನ್ನೂ ಜಾಸ್ತಿ ಹೊತ್ತು ನೆನೆಸಿದರು. ಅದು ಇನ್ನೂ ಜಾಸ್ತಿ ಉಕ್ಕಿತು. ನಾಲ್ಕು ಸಲ ಹೀಗೆ ಆಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಮಾವ ಸೊಸೆ ಸೇರ್ಕಂಡು ಹೋಟ್ಲು ಇಕ್ಕಿದ್ರಾ?" ಅಂದರು.

ಐದನೆಯ ದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಿದ್ದಾಗ ಮಾವ ಹಲ್ಲುಜ್ಜುತ್ತಾ ಗೇಟಿನ ಹತ್ತಿರ ಬಂದರು. ಬಾಯಲ್ಲಿ ನೊರೆ ಇತ್ತು. "ನೀರು ಕಣಮ್ಮಿ" ಅಂದರು. "ನಂದಕ್ಕೆ ನೀರು ಬೇಕು. ನಿಂದಕ್ಕೆ ನೀರೇ ಆಗಕ್ಕಿಲ್ಲ. ರಾತ್ರಿಯೆಲ್ಲಾ ಅದೇ ಯೋಚ್ನೆ." ನೋಟ್‌ಬುಕ್ಕಿನಲ್ಲಿ ಒಂದರಿಂದ ನಾಲ್ಕರವರೆಗೆ ಅಡ್ಡ ಗೆರೆ ಎಳೆದು ಪಕ್ಕದಲ್ಲಿ 'ತೇವ' ಎಂದು ಬರೆದೆ.

ಆಮೇಲೆ ಸಿಲಿಕೋನ್. ಮಾವನ ಹತ್ತಿರ ಎರಡು ಬಣ್ಣದ ಪುಟ್ಟಿ ಇತ್ತು, ಚಪಾತಿ ಹಿಟ್ಟಿನಂಥದ್ದು. ಎರಡನ್ನೂ ಸಮ ತೆಗೆದುಕೊಂಡು ಬಣ್ಣದ ಗೆರೆ ಕಾಣದ ಹಾಗೆ ನಾದಬೇಕು. ನಾದಿ ಚಕ್ರದ ಮೇಲೆ ಒತ್ತಿದರೆ ಐದು ನಿಮಿಷದಲ್ಲಿ ರಬ್ಬರಿನಂಥ ಅಚ್ಚು. ನಾನು ಬಿಳಿ ಗ್ಲೌಸ್ ಹಾಕಿಕೊಂಡು ನಾದಲು ಹೋದೆ. ಮಾವ ಕೈ ಹಿಡಿದು ನಿಲ್ಲಿಸಿದರು. ಆ ರಬ್ಬರ್ ಗ್ಲೌಸ್ ತಾಗಿದರೆ ಪುಟ್ಟಿ ಗಟ್ಟಿಯಾಗುವುದೇ ಇಲ್ಲವಂತೆ. ಮಾರನೆಯ ದಿನ ಎಲ್ಲಿಂದಲೋ ನೀಲಿ ಗ್ಲೌಸಿನ ಡಬ್ಬ ತಂದುಕೊಟ್ಟರು. ರೆಸಿನ್ ಮುಟ್ಟುವಾಗಲೂ ಇದೇ ಹಾಕಿಕೋ, ಬರಿಗೈಯಲ್ಲಿ ಮುಟ್ಟಿದ್ದು ನೋಡಿದರೆ ಕೋಣೆಯೊಳಗೆ ಸೇರಿಸುವುದಿಲ್ಲ ಅಂದರು.

"ನೀವು ಹಾಕ್ಕೊಳಲ್ವಾ?"

"ನಂಗೆ ಆಕ್ಕಂಡ್ರೆ ಏನೂ ಗೊತ್ತಾಗಕ್ಕಿಲ್ಲ. ನಮ್ದು ಬೆರಳಲ್ಲಿ ನೋಡೋ ಕೆಲ್ಸ."

ಮುಂದಿನ ಹತ್ತು ಚಕ್ರಗಳಲ್ಲಿ ಸರಿಯಾದದ್ದು ಮೂರು. ಬೋಲ್ಟಿನ ತಲೆಯಲ್ಲೆಲ್ಲ ಗುಳ್ಳೆ. ಮಾವ ಅದಕ್ಕೆ ಮೂರು ಉಪಾಯ ಹೇಳಿದರು. ಅಚ್ಚಿಗೆ ಮಕ್ಕಳ ಪೌಡರ್ ಉದುರಿಸಿ ಊದುವುದು. ರೆಸಿನ್ನನ್ನು ನಡುವೆ ಸುರಿಯದೆ ಒಂದು ಮೂಲೆಯಿಂದ ದಾರದಂತೆ ಬಿಡುವುದು. ಆಮೇಲೆ ಅಚ್ಚನ್ನು ಕುಕ್ಕರಿನಲ್ಲಿಟ್ಟು ಗಾಳಿ ತುಂಬುವುದು. ಅತ್ತೆಯ ಹಳೆಯ ಕುಕ್ಕರಿನ ಮುಚ್ಚಳದಲ್ಲಿ ವಿಷಲ್ ಇರುವ ಜಾಗಕ್ಕೆ ಮಾವ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿದ್ದರು. ಅದರಲ್ಲಿ ಅವರು ಸೆಟ್ ಇಟ್ಟು ಬಿಸಿನೀರು ಹಾಕಿ ಪಂಪ್ ಹೊಡೆಯುತ್ತಿದ್ದರು. ನನ್ನದಕ್ಕೆ ನೀರಿಲ್ಲದೆ, ಒಣಗಿಸಿ ಒರೆಸಿ, ಬರೀ ಗಾಳಿ. ಗಾಳಿಯ ಒತ್ತಡಕ್ಕೆ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಚಿಕ್ಕದಾಗುತ್ತಿದ್ದವು. "ಬೇಳೆ ಬೇಯ್ಸೋ ಕುಕ್ಕರ್ನಲ್ಲಿ ಹಲ್ಲು ಬೇಯ್ಸುದ್ರಿ, ಈಗ ಬಸ್ಸೂ ಬೇಯ್ಸಿ" ಎಂದು ಅತ್ತೆ ಬೈದರು. ಹದಿನೈದರಿಂದ ಇಪ್ಪತ್ತನಾಲ್ಕರವರೆಗಿನ ಹತ್ತರಲ್ಲಿ ಎಂಟಕ್ಕೆ ಗುಳ್ಳೆಯಿರಲಿಲ್ಲ.

ನಾನು ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಹಾಕಿದ್ದು ಆಗಲೇ. ಅಚ್ಚಿನಿಂದ ತೆಗೆದ ಚಕ್ರದ ಹಿಂದಿನ ಅಂಚಿನಲ್ಲಿ ತೆಳ್ಳಗೆ ಪೊರೆ ನಿಂತಿರುತ್ತದೆ. ಒಣಗಿದರೆ ಮುಳ್ಳು. ಅದನ್ನು ಹೆಬ್ಬೆರಳಿನಲ್ಲಿ ಸುತ್ತ ಸವರಿ ನೋಡಿ ಉಪ್ಪುಕಾಗದದಿಂದ ಉಜ್ಜಬೇಕು. ಮೊದಲು ಮಾವ ಸವರಿ ನೋಡುತ್ತಿದ್ದರು, ಆಮೇಲೆ ನಾನು. ಹತ್ತಕ್ಕೂ ಮಾವ 'ನಯವಾಗಿ ಅದೆ' ಅಂದರು. ನನ್ನ ಬೆರಳಿಗೆ ನಾಲ್ಕರಲ್ಲಿ ಮುಳ್ಳು ಸಿಕ್ಕಿತು. ಕೈ ಪಳಗಲಿ ಎಂದು ಎರೆದ ಮುಂದಿನ ಹತ್ತರಲ್ಲಿ ಆರು. ಎರಡು ಮನೆ ಮಾಡಿ ಒಂದರಲ್ಲಿ 'ಮಾ', ಇನ್ನೊಂದರಲ್ಲಿ 'ನಾ' ಎಂದು ಬರೆದು ಗುರುತು ಹಾಕುತ್ತಾ ಹೋದೆ. ನಾನು ಏನನ್ನೂ ಯೋಚಿಸಿ ಅದನ್ನು ಮಾಡಲಿಲ್ಲ. ಎರಡು ಫಲಿತಾಂಶ ಬೇರೆ ಬಂದರೆ ಎರಡನ್ನೂ ಬರೆಯಬೇಕು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಇನ್ನೊಂದು ಹತ್ತು ಮುಗಿದ ಮೇಲೆ ಮಾವನಿಗೆ ಹೇಳಿದೆ. "ಮಾವ, ಏಳರಲ್ಲಿ ಮುಳ್ಳಿದೆ. ನೀವು ಹತ್ತೂ ನಯ ಅಂದ್ರಿ."

ಮಾವ ಬಾಗಿಲ ಕಡೆ ನೋಡಿದರು. ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತರು. "ತುದಿ ಸತ್ತೋಗವೆ ಕಣಮ್ಮಿ" ಅಂದರು. ಎರಡು ವರ್ಷವಾಯಿತಂತೆ. ಮೊದಲು ಜೋಮು ಹಿಡಿದ ಹಾಗೆ, ಆಮೇಲೆ ಏನೂ ಇಲ್ಲ. ಹೆಬ್ಬೆರಳು, ತೋರು, ನಡುಬೆರಳು, ಎರಡೂ ಕೈ. ಬಿಸಿ ಲೋಟ ಹಿಡಿದರೆ ಹಬೆ ನೋಡಿ ಬಿಸಿ ಎಂದು ತಿಳಿಯಬೇಕು. ಪುಡಿ ಲಿಕ್ವಿಡ್ಡನ್ನು ಬರಿಗೈಯಲ್ಲಿ ಕಲಸುವವರಿಗೆ ಹೀಗಾಗುತ್ತದೆ ಎಂದು ಮೈಸೂರಿನಲ್ಲಿ ಜೊತೆಗೆ ಕೆಲಸ ಕಲಿತವರೊಬ್ಬರು ಹೇಳಿದ್ದರಂತೆ, ಅವರಿಗೂ ಹೀಗೇ ಆಗಿತ್ತಂತೆ.

"ಡಾಕ್ಟ್ರಿಗೆ ತೋರಿಸಿದ್ರಾ?"

"ಯಾವ್ ಡಾಕ್ಟ್ರಿಗೆ? ನಂಗೆ ಗೊತ್ತಿರೋ ಡಾಕ್ಟ್ರೆಲ್ಲಾ ನಂಗೆ ಕೆಲ್ಸ ಕೊಡೋರೇಯ." ದನಿ ತಗ್ಗಿಸಿ ಹೇಳಿದರು. "ಯಾರ್ಗೂ ಯೋಳ್ಬ್ಯಾಡ. ಅತ್ತೆಗೂ ಯೋಳ್ಬ್ಯಾಡ. ಕೈ ಓಯ್ತು ಅಂತ ಗೊತ್ತಾದ್ರೆ ಮಾರ್ನೇ ದಿನದಿಂದ ಡಬ್ಬ ಬರಕ್ಕಿಲ್ಲ. ನಂಗೆ ಬೇರೆ ಏನೂ ಬರಕಿಲ್ಲ ಕಣಮ್ಮಿ, ಇದೊಂದೇಯ."

ಸೆಟ್ಟಿನ ಅಂಚು ಕೂದಲೆಳೆಯಷ್ಟು ಚೂಪಾಗಿದ್ದರೂ ವಸಡು ಗಾಯವಾಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೇ ಸಿಗಬೇಕು. ಆ ಸಂಜೆಯಿಂದ ಬಸ್ಸಿಗೆ ಹೋಗುವ ಮೊದಲು ಪ್ರತಿ ಸೆಟ್ಟನ್ನೂ ನಾನು ಸವರಿ ನೋಡುವುದು ಎಂದಾಯಿತು. ಕಾಲೇಜಿನಿಂದ ಐದೂವರೆಗೆ ಬಂದು ಕೈತೊಳೆದು ಕೂರುತ್ತಿದ್ದೆ. ಗುಲಾಬಿ ಬಣ್ಣದ ಸೆಟ್ ತಣ್ಣಗಿರುತ್ತಿತ್ತು. ಅಂಚಿನ ಮೇಲೆ ನಿಧಾನಕ್ಕೆ ಬೆರಳು ಓಡಿಸಿ, ಚುಚ್ಚಿದ ಕಡೆ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತಿದ್ದೆ. ಮಾವ ಮೋಟಾರು ಹಾಕಿ ಆ ಚುಕ್ಕೆ ಹೋಗುವಷ್ಟು ಸವೆಸುತ್ತಿದ್ದರು. ಮತ್ತೆ ಸವರುತ್ತಿದ್ದೆ. "ಇಲ್ಲಿ?" "ಇನ್ನೂ ಚೂರು ಮಾವ." "ಈಗ?" "ಈಗ ಸರಿ." ಅದಷ್ಟೇ ಮಾತು. ಜುಲೈಯಿಂದ ಅಕ್ಟೋಬರಿನವರೆಗೆ ಮೂವತ್ತೊಂದು ಸೆಟ್. ಒಂದೂ ವಾಪಸ್ಸು ಬರಲಿಲ್ಲ. ಪಿರಿಯಾಪಟ್ಟಣದ ಡಾಕ್ಟರೊಬ್ಬರು ಫೋನ್ ಮಾಡಿ ನಿಮ್ಮ ಫಿನಿಶಿಂಗ್ ಈಗ ಮೊದಲಿಗಿಂತ ಚೆನ್ನಾಗಿದೆ ಅಂದರಂತೆ. ಅದನ್ನು ಹೇಳಿ ಮಾವ ತುಂಬ ಹೊತ್ತು ನಕ್ಕರು...

ಆ ಮೂವತ್ತೊಂದನ್ನೂ ನಾನು ಬರೆದೆ. ಚಕ್ರದ ಲೆಕ್ಕವಿದ್ದ ಅದೇ ನೋಟ್‌ಬುಕ್ಕಿನಲ್ಲಿ, ಹಿಂದಿನ ಪುಟಗಳಿಂದ. ಸೆಟ್ಟಿನ ಸಂಖ್ಯೆ, ಯಾವ ಊರು, ಮಾವನಿಗೆ ಗೊತ್ತಾದದ್ದು ಎಷ್ಟು, ನನಗೆ ಸಿಕ್ಕಿದ್ದು ಎಷ್ಟು. ಯಾರಿಗೂ ಹೇಳಬೇಡ ಎಂದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಬರೆಯುವುದು ಹೇಳಿದ ಹಾಗೆ ಎಂದು ಆಗ ತೋಚಲಿಲ್ಲ. ನೋಟ್‌ಬುಕ್ ಶೀಟಿನ ಕೋಣೆಯ ಶೆಲ್ಫಿನಲ್ಲಿ ಪೌಡರ್ ಡಬ್ಬದ ಪಕ್ಕ ಇರುತ್ತಿತ್ತು.

ಅಕ್ಟೋಬರಿನಲ್ಲಿ ಕಾಲೇಜಿನಲ್ಲಿ ಕರಕುಶಲ ವಸ್ತುಗಳ ಪ್ರದರ್ಶನ ಇಟ್ಟರು. ಬಸ್ಸಿಗೆ ಏಳು ಚಕ್ರ ಕೂತಿದ್ದವು. ಒಳಗೆ ಸೀಟಿರಲಿಲ್ಲ. ಇಪ್ಪತ್ತನಾಲ್ಕು ಜೋಡಿ ಸೀಟು ಬೇಕು, ಒಂದು ವಾರ ಇದೆ. ಸೀಟಿನ ಅಚ್ಚನ್ನು ನಮ್ಮ ಮನೆಗೇ ತಂದು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಐದೈದು ಎರೆದೆ. ಮಂಗಳವಾರ ಕಾಂಪೌಂಡಿನ ಆ ಕಡೆಯಿಂದ ಮಾವನ ದನಿ ಬಂತು.

"ಎರಡು ಸೆಟ್ ಅವೆ ಕಣಮ್ಮಿ. ಬಿಡುವಾದಾಗ ಬಾ."

"ನಾಳೆ ಬರ್ತೀನಿ ಮಾವ."

ಬುಧವಾರ ಹೋಗಲಿಲ್ಲ. ಗುರುವಾರವೂ ಹೋಗಲಿಲ್ಲ. ಕೈಯಲ್ಲಿ ಎರಡು ನಿಮಿಷಕ್ಕೆ ಗಟ್ಟಿಯಾಗುವ ರೆಸಿನ್ ಇತ್ತು ಎಂಬುದು ನಾನು ಆಮೇಲೆ ನನಗೆ ಹೇಳಿಕೊಂಡ ಕಾರಣ. ಮಾವ ಎರಡನೇ ಸಲ ಕರೆಯಲಿಲ್ಲ. ಸೆಟ್ಟುಗಳು ಗುರುವಾರದ ಹೆಚ್.ಡಿ. ಕೋಟೆ ಬಸ್ಸಿಗೆ ಹೋದವು.

ಪ್ರದರ್ಶನ ಮುಗಿದು ಎರಡು ವಾರವಾಗಿತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಶೀಟಿನ ಕೋಣೆಯಲ್ಲೇ ಇದ್ದೆ. ಹೆಚ್.ಡಿ. ಕೋಟೆಯ ಡಾಕ್ಟರು ತಾವೇ ಕಾರು ನಿಲ್ಲಿಸಿ ಬಂದರು. ಅವರನ್ನು ನಾನು ಮೊದಲ ಸಲ ನೋಡಿದ್ದು. ಮಾವ ಎದ್ದು ಸ್ಟೂಲು ಒರೆಸಿ ಕೊಟ್ಟರು. ಡಾಕ್ಟರು ಕೂರದೆ, ಜೇಬಿನಿಂದ ಕಾಗದದಲ್ಲಿ ಸುತ್ತಿದ ಸೆಟ್ ತೆಗೆದು ಬೆಂಚಿನ ಮೇಲಿಟ್ಟರು.

"ಕಾಕನಕೋಟೆ ಹತ್ರ ಕಾಡಿನ ಹಾಡಿಯಿಂದ ಒಬ್ಬರು ಅಜ್ಜಿ. ಎರಡು ಬಸ್ ಬದಲಾಯಿಸಿ ಬರ್ತಾರೆ. ಬಾಯೆಲ್ಲಾ ಹುಣ್ಣಾಗಿ ಒಂದು ವಾರ ಗಂಜಿನೂ ಕುಡಿದಿಲ್ಲ. ಅಂಚು ನೋಡ್ರಿ ಒಂದ್ಸಲ."

ಮಾವ ಸೆಟ್ ತೆಗೆದುಕೊಂಡು ಹೆಬ್ಬೆರಳಿನಲ್ಲಿ ಸುತ್ತ ಸವರಿದರು. ನನ್ನ ಕಡೆ ನೋಡಲಿಲ್ಲ. "ಬಸ್ಸಿನಲ್ಲಿ ಏನಾದ್ರೂ ತಗುಲಿರ್ಬೇಕು ಸಾರ್" ಅಂದರು. "ನಮ್ಮಲ್ಲಿ ಅಂಗೆಲ್ಲಾ ಆಗಕ್ಕಿಲ್ಲ. ಒಂದೊಂದ್ನೂ ನೋಡೇ ಕಳ್ಸೋದು." ಆಮೇಲೆ, ಮಾತು ಬೇರೆ ಕಡೆ ತಿರುಗಲಿ ಎಂದೋ, ನನ್ನ ಮೇಲಿನ ಹೆಮ್ಮೆಗೋ, ಶೆಲ್ಫಿನಿಂದ ನೋಟ್‌ಬುಕ್ ತೆಗೆದು ಡಾಕ್ಟರ ಕೈಗೆ ಕೊಟ್ಟರು.

"ನೋಡಿ ಸಾರ್, ಈ ಹುಡ್ಗಿ ಬಸ್ ಮಾಡ್ತಾಳೆ. ಒಂದೊಂದು ಚಕ್ರಕ್ಕೂ ಎಂಗೆ ಬರ್ದವ್ಳೆ ನೋಡಿ. ಇಲ್ಲಿ ಕೆಲ್ಸ ಅಂದ್ರೆ ಇಷ್ಟು ಅಚ್ಚುಕಟ್ಟು."

ಮಾವ ಆ ನೋಟ್‌ಬುಕ್ಕನ್ನು ಒಂದು ದಿನವೂ ತೆರೆದು ಓದಿದವರಲ್ಲ.

ಡಾಕ್ಟರು ಮೊದಲ ಪುಟಗಳನ್ನು ನೋಡಿ ತಲೆದೂಗಿದರು. ತಿರುಗಿಸುತ್ತಾ ಹೋದರು. ಹಿಂದಿನ ಪುಟಗಳಿಗೆ ಬಂದಾಗ ನಿಂತರು. ನಾನು ಕೈ ಚಾಚಿ ಇಸಿದುಕೊಳ್ಳಬಹುದಿತ್ತು, ಒಂದು ಮೊಳ ದೂರ. ಚಾಚಲಿಲ್ಲ. ಕನ್ನಡಕ ಸರಿಮಾಡಿಕೊಂಡು ಅವರು ಒಂದು ಸಾಲನ್ನು ಮೆಲ್ಲಗೆ ಓದಿದರು. "ಸೆಟ್ ಹದಿನಾಲ್ಕು, ಕೋಟೆ. ಮಾವನಿಗೆ ಒಂದೂ ಗೊತ್ತಾಗಲಿಲ್ಲ. ವಸಡಿನ ಅಂಚಿನಲ್ಲಿ ನನಗೆ ಐದು." ತಲೆ ಎತ್ತಿ ಕೇಳಿದರು, "ಏನ್ರೀ ಇದು?"

ಮಾವ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಏನೂ ಇರಲಿಲ್ಲ.

"ಅದು ಬಸ್ಸಿನ ಲೆಕ್ಕ ಸಾರ್" ಅಂದರು.

"ಬಸ್ಸಿಗೆ ವಸಡು ಇರುತ್ತೇನ್ರೀ?"

ಡಾಕ್ಟರು ಕೆಟ್ಟವರಲ್ಲ. ನೋಟ್‌ಬುಕ್ ಮುಚ್ಚಿ ಬೆಂಚಿನ ಮೇಲೆ ಮೆಲ್ಲಗೆ ಇಟ್ಟರು. ಮಾವನ ಬಲಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಪೆನ್ನಿನ ತುದಿಯಿಂದ ಒಂದೊಂದು ಬೆರಳಿಗೂ ಒತ್ತಿದರು. "ಗೊತ್ತಾಗ್ತಿದೆಯಾ?" ಎಂದು ಕೇಳುತ್ತಾ ಹೋದರು. ಮಾವ ಬಾಗಿಲ ಕಡೆ ಮುಖ ತಿರುಗಿಸಿಕೊಂಡು ಎಲ್ಲದಕ್ಕೂ ಹೂಂ ಅಂದರು. ಕೊನೆಯ ಎರಡು ಸಲ ಡಾಕ್ಟರು ಪೆನ್ ತಾಗಿಸಿಯೇ ಇರಲಿಲ್ಲ. ಆಗಲೂ ಹೂಂ ಅಂದರು...

ಆ ಸಂಜೆ ನಾನು ಹೋಗಿ ನಿಂತಾಗ ಮಾವ ಕೋಣೆ ಗುಡಿಸುತ್ತಿದ್ದರು. ಕ್ಷಮಿಸಿ ಎಂದೆ ಅನಿಸುತ್ತದೆ, ಅಥವಾ ಅನ್ನಬೇಕೆಂದುಕೊಂಡು ಅನ್ನಲಿಲ್ಲವೋ... ಇದೊಂದನ್ನು ನಾನು ಬರೆದಿಟ್ಟಿಲ್ಲ. "ಇದ್ದುದ್ನ ಬರ್ದಿದ್ದೀಯೆ, ಬುಡು" ಅಂದರು ಮಾವ. ಪೊರಕೆಯನ್ನು ಮೂಲೆಗೆ ನಿಲ್ಲಿಸಿ ಮನೆಯೊಳಗೆ ಹೋದರು.

ಡಾಕ್ಟರು ಯಾರಿಗೆ ಏನು ಹೇಳಿದರೋ ಗೊತ್ತಿಲ್ಲ. ಅಕ್ಟೋಬರಿನಲ್ಲಿ ವಾರಕ್ಕೆ ಎಂಟೋ ಒಂಬತ್ತೋ ಡಬ್ಬ ಬರುತ್ತಿತ್ತು. ಅದರಲ್ಲಿ ಹೊಸ ಸೆಟ್ಟಿನದು ಎರಡೋ ಮೂರೋ, ಮಿಕ್ಕದ್ದು ಮುರಿದದ್ದು, ಬಿರುಕು ಬಿಟ್ಟದ್ದು. ನವೆಂಬರ್ ಮೊದಲ ವಾರ ಐದು, ಎರಡನೇ ವಾರ ಎರಡು, ಮೂರನೇ ವಾರ ಒಂದು. ಆಮೇಲೆ ಮಾವ ಬಸ್ ಸ್ಟ್ಯಾಂಡಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಹೋಗುವುದನ್ನು ನಿಲ್ಲಿಸಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಅತ್ತೆ ನಮ್ಮಮ್ಮನ ಹತ್ತಿರ ಹೇಳಿದರು, "ಕೈಯೇ ಓಗ್ಬುಟ್ಟದಂತೆ ಕಣಕ್ಕ, ನಂಗೇ ಗೊತ್ತಿರ್ನಿಲ್ಲ." ನಾನು ಒಳಗೆ ಸೊಪ್ಪು ಬಿಡಿಸುತ್ತಿದ್ದೆ. ಸೊಪ್ಪು ಬಿಡಿಸುವುದನ್ನು ಮುಂದುವರಿಸಿದೆ. ಜನವರಿಯಲ್ಲಿ ಅವರು ಸಾಮಾನು ತುಂಬಿಕೊಂಡು ಗುರುಪುರಕ್ಕೆ, ಅತ್ತೆಯ ತಮ್ಮನ ಮನೆಯ ಹತ್ತಿರಕ್ಕೆ ಹೋದರು. ಟೆಂಪೋ ಹೊರಟಾಗ ಮಾವ ಮುಂದಿನ ಸೀಟಿನಲ್ಲಿ ಕೂತು ಕೈ ಎತ್ತಿದರು. ನಾನೂ ಎತ್ತಿದೆ.

ಅದೇ ವರ್ಷ ನಾವೂ ಹುಣಸೂರು ಬಿಟ್ಟೆವು. ಅಪ್ಪನ ಕೆಲಸ, ನನ್ನ ಕೆಲಸ ಎರಡೂ ಕೆ.ಆರ್. ನಗರಕ್ಕೆ ಬಂತು. ನಾನು ಈಗಲೂ ಬಸ್ ಮಾಡುತ್ತೇನೆ, ಈಗ ನಾಲ್ಕನೆಯದು. ನೂರರಲ್ಲಿ ತೊಂಬತ್ತಾರು ಚಕ್ರ ಸರಿ ಬರುತ್ತವೆ. ಗುರುಪುರ ದೂರವಲ್ಲ. ಒಂದು ಬಸ್ಸು ಬದಲಾಯಿಸಿದರೆ ಸಾಕು. ಎರಡೂವರೆ ವರ್ಷದಲ್ಲಿ ನಾನು ಹೋಗಲಿಲ್ಲ.

ಪಾರ್ಲರಿನ ಆ ಶನಿವಾರವಾಗಿ ಒಂದು ವಾರ ಕಳೆದ ಮೇಲಿನ ಭಾನುವಾರ ಹೋದೆ. ಟಿಬೆಟಿಯನ್ ಕ್ಯಾಂಪಿಗೆ ಹೋಗುವ ಮೂವರ ಜೊತೆ ಇಳಿದೆ. ಜೋಳದ ಹೊಲದ ಪಕ್ಕದ ಮನೆ ಎಂದು ಒಬ್ಬರು ತೋರಿಸಿದರು. ಅತ್ತೆ ಜಗಲಿಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಮಾವ ಎಲ್ಲಿ ಎಂದು ನಾನು ಕೇಳುವ ಮೊದಲೇ ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನಾಕು ತಿಂಗ್ಳಾಯ್ತು ಕಣವ್ವ. ಬೆಳಿಗ್ಗೆ ಎದೆ ನೋವು ಅಂದ್ರು, ಕಾಫಿ ತರೋದ್ರೊಳ್ಗೆ..."

ನಾನು ಜಗಲಿಯ ಮೇಲೆ ಕೂತೆ. ನಾಲ್ಕು ತಿಂಗಳ ಹಿಂದೆ ಏನು ಮಾಡುತ್ತಿದ್ದೆ ಎಂದು ಲೆಕ್ಕ ಹಾಕಿದೆ. ಮೂರನೇ ಬಸ್ಸಿಗೆ ಬಣ್ಣ ಹೊಡೆಯುತ್ತಿದ್ದೆ. ಅಳು ಬರಲಿಲ್ಲ. ಬರಬೇಕಿತ್ತು ಎಂಬುದು ತಿಳಿದಿತ್ತು. ಸ್ವಲ್ಪ ಹೊತ್ತಾದ ಮೇಲೆ ನೋಟ್‌ಬುಕ್ಕಿನ ವಿಷಯವನ್ನು ಮೊದಲಿಂದ ಕೊನೆಯವರೆಗೆ ಅತ್ತೆಗೆ ಹೇಳಿದೆ. ಕರೆದ ದಿನ ನಾನು ಹೋಗದೇ ಇದ್ದದ್ದನ್ನೂ ಹೇಳಿದೆ. ಅತ್ತೆ ಕಾಯಿ ಬಿಡಿಸುತ್ತಲೇ ಕೇಳಿದರು.

"ಅದೆಲ್ಲಾ ನಂಗೆ ಗೊತ್ತಿಲ್ಲ ಕಣವ್ವ. ನಿನ್ ವಿಷ್ಯ ಅವ್ರು ಎತ್ತುತ್ಲೇ ಇರ್ನಿಲ್ಲ."

ಎತ್ತದೇ ಇದ್ದದ್ದು ಒಳ್ಳೆಯ ಮನಸ್ಸಿಗೋ ಸಿಟ್ಟಿಗೋ ಎಂದು ನಾನು ಕೇಳಲಿಲ್ಲ.

ಆಮೇಲೆ ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ಮೇಲಿನ ಸೆಟ್ ತೆಗೆದರು. ಬೊಗಸೆಯಲ್ಲಿಟ್ಟುಕೊಂಡು ಚೊಂಬಿನ ನೀರಲ್ಲಿ ತೊಳೆದರು. ಇಲ್ಲಿಗೆ ಬಂದ ಮೇಲೆ ಯಾರಿಗೂ ಮಾಡುವುದಿಲ್ಲ ಎಂದಿದ್ದ ಮಾವ, ಕಳೆದ ಮಳೆಗಾಲದಲ್ಲಿ ಅತ್ತೆಯ ಹಲ್ಲು ತೆಗೆಸಿದಾಗ ಹಳೆಯ ಪೆಟ್ಟಿಗೆ ಬಿಚ್ಚಿ ಒಬ್ಬರೇ ಕೂತು ಹದಿನೆಂಟು ದಿನ ಮಾಡಿದರಂತೆ. ತಾವು ಕಟ್ಟಿದ ಹಲ್ಲು ಹಾಕಿಕೊಂಡವರ ಮುಖವನ್ನು ಅವರು ನೋಡಿದ್ದು ಅದೊಂದೇ.

"ಉಣ್ಣುವಾಗ ಚುಚ್ತದೆ ಕಣವ್ವ. ಅವ್ರು ಇರೋಗಂಟ ನಾನು ಯೋಳ್ನಿಲ್ಲ. ಎಷ್ಟು ಕಡೆ ಅದೆ ನೋಡು, ನಿಂಗೆ ಗೊತ್ತಾಯ್ತದೆ."

ತೆಗೆದುಕೊಂಡೆ. ಹಲ್ಲುಗಳು ಸಾಲಾಗಿ, ಚೆನ್ನಾಗಿ ಕೂತಿದ್ದವು. ಕಣ್ಣಿನಿಂದ ಮಾಡಬಹುದಾದ್ದೆಲ್ಲ ಸರಿಯಾಗಿತ್ತು. ಅಂಚಿನ ಮೇಲೆ ಬೆರಳು ಓಡಿಸಿದೆ. ಎಡಗಡೆ ಎರಡು. ಮುಂದೆ ಒಂದು. ಬಲಗಡೆ ಹಿಂದೆ ಒಂದು, ಅದು ಎಲ್ಲಕ್ಕಿಂತ ಚೂಪು. ಇನ್ನೊಂದು ಸುತ್ತು ಸವರಿದೆ. ನಾಲ್ಕೇ.

"ಎಷ್ಟವ್ವ?"

"ಒಂದೇ ಅತ್ತೆ. ಚೂರು."

ಅತ್ತೆಯ ಹಲ್ಲಿಲ್ಲದ ಮುಖ ಅರಳಿತು. "ಒಂದೇಯಾ? ಅಂಗಾದ್ರೆ ಚೆನ್ನಾಗೇ ಮಾಡವ್ರೆ ಬುಡು."

ಉಪ್ಪುಕಾಗದ ಇದ್ದರೆ ಕೊಡಿ, ಈಗಲೇ ಉಜ್ಜಿ ಕೊಡುತ್ತೇನೆ ಎಂದೆ. ನಾಲ್ಕನ್ನೂ ಉಜ್ಜುವ ಯೋಚನೆ ನನ್ನದು. ಅತ್ತೆ ನನ್ನ ಕೈಯಿಂದ ಸೆಟ್ ಇಸಿದುಕೊಂಡರು. "ಬ್ಯಾಡವ್ವ. ಒಂದೇ ತಾನೆ, ಇರ್ಲಿ. ಅವ್ರು ಮಾಡಿದ್ದು ಅಂಗೇ ಇರ್ಲಿ." ತಿರುಗಿ ಕೂತು ಹಾಕಿಕೊಂಡರು. ತುಟಿ ಒಮ್ಮೆ ಬಿಗಿಯಾಯಿತು. ಕಾಫಿ ಮಾಡಲು ಒಳಗೆ ಹೋದರು.

ಹೋಗಿ ಬಂದು ಇವತ್ತಿಗೆ ಹದಿನಾರು ದಿನ. ಆ ನಾಲ್ಕು ಮುಳ್ಳೂ ಅತ್ತೆಯ ಬಾಯಲ್ಲಿ ಹಾಗೇ ಇರಬೇಕು.